ಬಾನೆಟ್ ಎತ್ತಿದರೆ ಅರ್ಥವಾಗುತ್ತಿದ್ದ ಕಾರುಗಳು

ಬೆಂಗಳೂರಿನ ಗಾಂಧಿ ಬಜಾರಿನ ಹೋಟೆಲೊಂದರ ಮುಂದೆ ಭಾನುವಾರ ಬೆಳಿಗ್ಗೆ ಮೂವತ್ತು ಲಕ್ಷದ ಹೊಸ ಕಾರು ಬಂದು ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ದಾರಿಗೆ ಅಡ್ಡ ಆಯಿತಲ್ಲ ಎಂದು ಗೊಣಗುವವರು ಒಬ್ಬಿಬ್ಬರು ಸಿಕ್ಕಾರು. ಅದೇ ಜಾಗದಲ್ಲಿ 1978ರ ಪ್ರೀಮಿಯರ್ ಪದ್ಮಿನಿಯೊಂದು ನಿಲ್ಲಲಿ. ಕಾಫಿ ಲೋಟ ಹಿಡಿದ ಯಾರೋ ಹಿರಿಯರು ಹತ್ತಿರ ಬರುತ್ತಾರೆ. ಬಾಗಿಲಿನ ಹಿಡಿಕೆ ಸವರಿ, ಒಳಗೆ ಬಗ್ಗಿ, ‘ಇದರದ್ದು ಸ್ಟೀರಿಂಗ್ ಗೇರ್ ಅಲ್ವಾ?’ ಎನ್ನುತ್ತಾರೆ. ಮುಂದಿನ ಮಾತು ಬಹುತೇಕ ಒಂದೇ: ‘ನಮ್ಮನೇಲೂ ಇತ್ತು ಸಾರ್. ಇದೇ ಬಣ್ಣ.’ ಅಷ್ಟರಲ್ಲಿ ಇನ್ನಿಬ್ಬರು ಸೇರಿರುತ್ತಾರೆ. ಕಾರಿನ ಮಾಲೀಕರ ದೋಸೆ ಆರುತ್ತಿರುತ್ತದೆ.

ಈ ‘ನಮ್ಮನೇಲೂ ಇತ್ತು’ ಎಷ್ಟು ಸಲ ನಿಜವಿರಲು ಸಾಧ್ಯ? 1980ರ ಆಸುಪಾಸಿನಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಮೂವತ್ತರಿಂದ ನಲವತ್ತು ಸಾವಿರ. ಈಗ ಅಷ್ಟು ಕಾರುಗಳು ಮೂರ್ನಾಲ್ಕು ದಿನದಲ್ಲಿ ಮಾರಾಟವಾಗುತ್ತವೆ. ಆ ಕಾಲದ ಮಧ್ಯಮ ವರ್ಗದ ಮನೆಯ ಮುಂದೆ ಇದ್ದದ್ದು ಸೈಕಲ್ಲು, ಹೆಚ್ಚೆಂದರೆ ಒಂದು ಬಜಾಜ್ ಸ್ಕೂಟರು. ಕಾರಿದ್ದದ್ದು ಬೀದಿಯ ಡಾಕ್ಟರರಿಗೆ, ರೈಸ್ ಮಿಲ್ಲಿನ ಮಾಲೀಕರಿಗೆ, ಕಾಫಿ ತೋಟದ ಸಾಹುಕಾರರಿಗೆ. ಹಾಗೆಂದು ಕಾಫಿ ಲೋಟದ ಹಿರಿಯರು ಸುಳ್ಳು ಹೇಳುತ್ತಿದ್ದಾರೆ ಎಂದೂ ಅಲ್ಲ. ಡಾಕ್ಟರರ ಫಿಯೆಟ್ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದಾಗ ಬೀದಿಯ ಹುಡುಗರೆಲ್ಲ ಸೇರಿ ತಳ್ಳಿದ್ದರು. ಅಕ್ಕನ ಮದುವೆಯ ದಿಬ್ಬಣಕ್ಕೆ ಸಾಹುಕಾರರ ಅಂಬಾಸಿಡರ್ ಬಂದಿತ್ತು. ತಳ್ಳಿದವರು, ಹತ್ತಿದವರು, ಬಾನೆಟ್ಟಿನ ಮೇಲೆ ಹೂವಿನ ಹಾರ ಕಟ್ಟಿದವರು ಎಲ್ಲರಿಗೂ ಆ ಕಾರಿನಲ್ಲಿ ಒಂದೊಂದು ಪಾಲು ದಕ್ಕಿತ್ತು.

ಹಳೆಯ ಕಾರುಗಳ ಮೋಹದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಒಂದು, ಕಳೆದುಹೋದ ದಶಕದ ಮೇಲಿನ ಅಕ್ಕರೆ. ಇನ್ನೊಂದು, ಆ ಯಂತ್ರದ ಮೇಲಿನ ಅಕ್ಕರೆ. ಮಾತಿಗೆ ಕೂತರೆ ಎರಡೂ ಕಲಸಿಹೋಗುತ್ತವೆ. ಬಿಡಿಸಿ ನೋಡಿದರೆ ಮೊದಲನೆಯದಕ್ಕೆ ಆ ದಶಕಗಳು ಅರ್ಹವೇ ಅಲ್ಲ ಎಂಬುದು ನನ್ನ ತೀರ್ಮಾನ. ಎರಡನೆಯದರಲ್ಲಿ ಹುರುಳಿದೆ.

ಮೊದಲು ದಶಕಗಳ ಕತೆ. 1950ರ ದಶಕದ ಆರಂಭದಲ್ಲಿ ಸರ್ಕಾರ ಒಂದು ನಿರ್ಧಾರಕ್ಕೆ ಬಂತು: ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿ ಮಾರುವವರು ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಕಾರಿನ ವಿಷಯದಲ್ಲಿ ಉಳಿದದ್ದು ಮುಖ್ಯವಾಗಿ ಮೂರು ಕಂಪನಿ: ಕೋಲ್ಕತ್ತ ಬಳಿಯ ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್, ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್, ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ಸ್. ಎಷ್ಟು ಕಾರು ಮಾಡಬೇಕು ಎನ್ನುವುದಕ್ಕೆ ಲೈಸೆನ್ಸು, ವಿದೇಶದಿಂದ ಯಂತ್ರ ತರಿಸಲು ಪರವಾನಗಿ, ಬೆಲೆಯ ಮೇಲೂ ಹಿಡಿತ. ಪೈಪೋಟಿ ಇಲ್ಲದ ಮೇಲೆ ಕಾರನ್ನು ಸುಧಾರಿಸುವ ದರ್ದು ಯಾರಿಗಿತ್ತು? ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಹೊಸ ಕಾರಿನ ನಿಗದಿತ ಬೆಲೆಗಿಂತ ಸೆಕೆಂಡ್ ಹ್ಯಾಂಡ್ ಕಾರಿಗೇ ಹೆಚ್ಚು ಬೆಲೆ ಬರುತ್ತಿತ್ತು, ಏಕೆಂದರೆ ಅದು ಇವತ್ತೇ ಸಿಗುತ್ತಿತ್ತು. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ 12,000 ರೂಪಾಯಿಯ ಫಿಯೆಟ್ ಕೊಳ್ಳಲು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ಸಾಲ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಪತ್ನಿ ಲಲಿತಾ ಶಾಸ್ತ್ರಿ ಆ ಸಾಲ ತೀರಿಸಿದರು. ಈ ಪ್ರಸಂಗವನ್ನು ನಾವು ಪ್ರಾಮಾಣಿಕತೆಯ ಪಾಠವಾಗಿ ಹೇಳುತ್ತೇವೆ, ಸರಿಯೇ. ದೇಶದ ಪ್ರಧಾನಿಗೇ ಕಾರು ಎಷ್ಟು ಭಾರವಾಗಿತ್ತು ಎನ್ನುವುದೂ ಅದರೊಳಗಿದೆ.

ಕಾರಿನ ಕಾರ್ಖಾನೆ ಬೆಂಗಳೂರಿಗೇ ಬರಬೇಕಿತ್ತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಭಾರತಕ್ಕೊಂದು ಯೋಜನೆ ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡವರು ಉದ್ಯಮಿ ವಾಲಚಂದ್ ಹೀರಾಚಂದ್. ಅಮೆರಿಕದ ಕ್ರೈಸ್ಲರ್ ಜೊತೆ ಮಾತುಕತೆ ನಡೆಯಿತು, ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧದ ಹೊತ್ತಿನಲ್ಲಿ ಕಾರಿನ ಬದಲು ವಿಮಾನದ ಕಾರ್ಖಾನೆ ಬಂತು. 1940ರ ಡಿಸೆಂಬರಿನಲ್ಲಿ ಅದೇ ವಾಲಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಶುರು ಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಇವತ್ತಿನ ಎಚ್‌ಎಎಲ್. ವಾಲಚಂದ್ ಅವರ ಕಾರಿನ ಕನಸು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ನನಸಾಯಿತು. ಗಾಂಧಿ ಬಜಾರಿನಲ್ಲಿ ನಿಂತ ಪದ್ಮಿನಿ ಆ ಲೆಕ್ಕದಲ್ಲಿ ವಿಶ್ವೇಶ್ವರಯ್ಯನವರ ಕೈತಪ್ಪಿ ಹೋದ ಕೂಸು.

ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿ 1948ರಲ್ಲಿ ಉತ್ತರಪಾಡಾಕ್ಕೆ ಬಂದ ಬಿರ್ಲಾ ಕಂಪನಿ. 1950ರ ದಶಕದ ಕೊನೆಗೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚುಗಳನ್ನು ತಂದು ಅಂಬಾಸಿಡರ್ ಎಂದು ಹೆಸರಿಟ್ಟಿತು. ಇಂಗ್ಲೆಂಡಿನವರು ಕೆಲವೇ ವರ್ಷಗಳಲ್ಲಿ ಆ ಮಾದರಿಯನ್ನು ಕೈಬಿಟ್ಟರು. ನಾವು 2014ರ ಮೇ ತಿಂಗಳವರೆಗೆ ಬಿಡಲಿಲ್ಲ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾದಾಗ ಹೆಚ್ಚಾಗಿ ಬದಲಾದದ್ದು ಮುಂದಿನ ಜಾಲರಿ, ದೀಪ. ಹಾರನ್ ಒಂದನ್ನು ಬಿಟ್ಟು ಉಳಿದೆಲ್ಲ ಭಾಗಗಳೂ ಸದ್ದು ಮಾಡುತ್ತವೆ ಎಂಬ ಜೋಕು ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಕರಾವಳಿ, ಮಲೆನಾಡಿನವರನ್ನು ಕೇಳಿ ನೋಡಿ. ಬಸ್ಸು ಹೋಗದ ದಾರಿಯಲ್ಲಿ ಬಾಡಿಗೆಗೆ ಓಡುತ್ತಿದ್ದ ಅಂಬಾಸಿಡರಿಗೆ ಎಷ್ಟು ಜನ ತುಂಬಿದರೂ ಸಾಲದು. ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನ ಬಲಕ್ಕೂ ಒಬ್ಬ ಕೂತಿರುತ್ತಿದ್ದ; ಡ್ರೈವರ್ ಅರ್ಧ ಮೈ ಓರೆ ಮಾಡಿಕೊಂಡೇ ಘಾಟಿ ಇಳಿಸುತ್ತಿದ್ದ. ಡಿಕ್ಕಿಯಲ್ಲಿ ಅಡಿಕೆ ಮೂಟೆ, ಜೊತೆಗೆ ಒಂದೆರಡು ಮಕ್ಕಳು. 1980ರಲ್ಲಿ ಡೀಸೆಲ್ ಎಂಜಿನ್ ಬಂದ ಮೇಲಂತೂ ಟ್ಯಾಕ್ಸಿಯವರಿಗೆ ಬೇರೆ ಕಾರೇ ಬೇಡವಾಯಿತು. ಹಿಂದೆ ಪಾಟಾ, ಮುಂದೆ ಟಾರ್ಷನ್ ಬಾರ್, ದಪ್ಪ ತಗಡು. ಕೆಟ್ಟ ರಸ್ತೆಗೆ ಹೇಳಿ ಮಾಡಿಸಿದ ಗಾಡಿ. ಕೆಟ್ಟ ರಸ್ತೆಗಳೇ ಅದನ್ನು ಅಷ್ಟು ಕಾಲ ಉಳಿಸಿದವು ಎಂದರೂ ತಪ್ಪಿಲ್ಲ. ಆ ಹೆಸರಿನ ಹಕ್ಕನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು.

ಪದ್ಮಿನಿಯ ಜಾತಕವೂ ಇದೇ. ಇಟಲಿಯ ಫಿಯೆಟ್ 1100ರ ಮಾದರಿ 1964ರಲ್ಲಿ ಇಲ್ಲಿ ಡಿಲೈಟ್ ಆಗಿ ಬಂತು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡಿತು, 1974ರ ಹೊತ್ತಿಗೆ ಪದ್ಮಿನಿಯಾಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಅಂಬಾಸಿಡರಿಗಿಂತ ಹಗುರ, ತಿರುಗಿಸಲು ಸಲೀಸು. ಊರಿನೊಳಗೆ ತಾವೇ ಓಡಿಸಿಕೊಂಡು ಹೋಗುವವರಿಗೆ ಫಿಯೆಟ್, ಡ್ರೈವರ್ ಇಟ್ಟುಕೊಂಡವರಿಗೆ ಅಂಬಾಸಿಡರ್ ಎಂಬಂಥ ಒಂದು ಅಲಿಖಿತ ಹಂಚಿಕೆ ಇತ್ತು. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಟ್ಟಲೆ ದುಡಿದ ಪದ್ಮಿನಿಗಳ ಪೈಕಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಆ ವಾರ ಮುಂಬೈ ಪತ್ರಿಕೆಗಳು ಬರೆದದ್ದನ್ನು ನೋಡಿದರೆ ಯಾರೋ ಹಿರಿಯ ನಟ ತೀರಿಕೊಂಡಂತಿತ್ತು.

ಗೆದ್ದ ಕಾರುಗಳಿಗೆ ಸಿಗುವ ಪ್ರೀತಿ ಅರ್ಥವಾಗುತ್ತದೆ. ಸೋತವುಗಳ ಮೇಲಿನ ಪ್ರೀತಿ ಇನ್ನೂ ಗಾಢ, ಅದೇ ವಿಚಿತ್ರ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ಒಂದು ದಶಕದ ಕಾಲ ಬಂತು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಅದರ ಚೂಪು ರೆಕ್ಕೆಗಳು ಇವತ್ತಿಗೂ ಚಂದ. ಬಾನೆಟ್ಟು ಎತ್ತಿದರೆ ಮಡ್‌ಗಾರ್ಡು, ದೀಪ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿ ಎಂಜಿನ್ನು ಬಟಾಬಯಲಾಗುತ್ತಿತ್ತು. ನಮ್ಮ ಬೆಂಗಳೂರಿನದೇ ಒಂದು ಸಾಹಸವೂ ಇದೆ. 1970ರ ದಶಕದಲ್ಲಿ ಸನ್‌ರೈಸ್ ಆಟೊಮೋಟಿವ್ ಎಂಬ ಹೆಸರಿನಲ್ಲಿ ಶುರುವಾದ ಸಿಪಾನಿಯವರ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ, ಫೈಬರ್ ಮೈಯ ಕಾರು ಮಾಡಿತು. ಎಂಜಿನ್ನು 198 ಸಿಸಿ, ಅಂದರೆ ಈಗಿನ ಸಾಧಾರಣ ಮೋಟಾರ್ ಬೈಕಿನಷ್ಟು. ಆಮೇಲೆ 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ‘ಡಾಲ್ಫಿನ್’ ಬಂತು, 848 ಸಿಸಿ, ನಾಲ್ಕು ಚಕ್ರ, ಎರಡು ಬಾಗಿಲು. ಫೈಬರ್ ಮೈಯಾದ್ದರಿಂದ ತೂಕ ಕಡಿಮೆ; ರ‍್ಯಾಲಿ ಓಡಿಸುವವರು, ಚೆನ್ನೈ ಬಳಿಯ ಶೋಳಾವರಂ ಓಟದ ಹುಚ್ಚಿನವರು ಅದನ್ನು ಮೆಚ್ಚಿದರು. ಸಂಸಾರಸ್ಥರು ಮೆಚ್ಚಲಿಲ್ಲ. ಮರುವರ್ಷವೇ ಮಾರುತಿ ಬಂದು ಲೆಕ್ಕಾಚಾರ ಮುಗಿಸಿತು. ಇವತ್ತು ಓಡುವ ಸ್ಥಿತಿಯ ಬಾದಲ್ ಎಲ್ಲಾದರೂ ಇದೆ ಎಂದು ಸುದ್ದಿಯಾದರೆ ಸಾಕು, ಹಳೆಯ ಕಾರಿನವರು ಊರು ಬಿಟ್ಟು ಊರಿಗೆ ಹೋಗಿ ನೋಡಿಬರುತ್ತಾರೆ. ಕೊಳ್ಳುವ ಕಾಲದಲ್ಲಿ ಕೊಳ್ಳದೆ ಈಗ ಹುಡುಕುವ ನಮ್ಮ ಬುದ್ಧಿಗೆ ಏನು ಹೇಳೋಣ!

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೈ ಹಸ್ತಾಂತರಿಸಿದರು. 796 ಸಿಸಿಯ, ಐವತ್ತು ಸಾವಿರದ ಆಸುಪಾಸಿನ ಆ ಪುಟ್ಟ ಕಾರು ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು. ಅದು ಹೊಸ ಅನುಭವ. ಅಂಬಾಸಿಡರ್ ಭಕ್ತರು ‘ಬೆಂಕಿಪೊಟ್ಟಣ’ ಎಂದು ಮೂಗು ಮುರಿದರು. ಈಗ ತಮಾಷೆ ನೋಡಿ: ಆ ಬೆಂಕಿಪೊಟ್ಟಣವೇ ಇಂದಿನ ಹಳೆಗಾಡಿ ಸಂತೆಯಲ್ಲಿ ಬೇಡಿಕೆಯ ಸರಕು. ಕಾಂಟೆಸ್ಸಾ, ಜಿಪ್ಸಿ, ಟಾಟಾ ಸಿಯೆರಾ, ಮೊದಲ ಜೆನ್ ಕೂಡ ಆ ಸಾಲಿಗೆ ಬಂದಿವೆ. ಇಪ್ಪತ್ತು ವರ್ಷದ ಹಿಂದೆ ಹಳೆಯ ಕಾರಿನ ಮೇಳವೆಂದರೆ ಆಸ್ಟಿನ್, ಮಾರಿಸ್, ಫೋರ್ಡ್, ಬ್ಯೂಕ್. ಅವುಗಳ ಪಕ್ಕ 800 ನಿಲ್ಲಿಸಿದ್ದರೆ ನಕ್ಕುಬಿಡುತ್ತಿದ್ದರು.

ಈ ಬದಲಾವಣೆಗೆ ಮನಶ್ಶಾಸ್ತ್ರ ಒಂದು ವಿವರಣೆ ಕೊಡುತ್ತದೆ. ಮನುಷ್ಯನಿಗೆ ವಯಸ್ಸಾದ ಮೇಲೆ ಅತಿ ಸ್ಪಷ್ಟವಾಗಿ ಉಳಿಯುವ ನೆನಪುಗಳು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವು. ಮೊದಲ ಸಲ ಆಗುವ ಸಂಗತಿಗಳೆಲ್ಲ ಆ ಅವಧಿಯಲ್ಲೇ ಗುಂಪಾಗಿ ಬರುತ್ತವೆ: ಮೊದಲ ದೂರದ ಪ್ರಯಾಣ, ಮೊದಲ ಸಂಬಳ, ಮೊದಲ ಸಲ ಸ್ಟೀರಿಂಗ್ ಹಿಡಿದದ್ದು. ಹದಿನೈದರಲ್ಲಿ ಗೋಡೆಗೆ ಚಿತ್ರ ಅಂಟಿಸಿಕೊಂಡ ಕಾರನ್ನು ಕೊಳ್ಳುವ ಶಕ್ತಿ ಬರುವುದು ಐವತ್ತರ ಹೊತ್ತಿಗೆ. ಹಾಗಾಗಿ ಹಳೆಯ ಕಾರಿನ ಪೇಟೆ ಯಾವಾಗಲೂ ಮೂವತ್ತು-ಮೂವತ್ತೈದು ವರ್ಷ ಹಿಂದಿನ ಹುಡುಗರ ಆಸೆಯ ಬೆನ್ನು ಹತ್ತಿರುತ್ತದೆ. ಆಸ್ಟಿನ್ ಬಯಸಿದ್ದ ತಲೆಮಾರು ವಿರಳವಾಗುತ್ತಿದೆ. ಕಾಂಟೆಸ್ಸಾ ಬಯಸಿದ್ದವರ ಮಕ್ಕಳು ಈಗ ಕೆಲಸಕ್ಕೆ ಸೇರಿದ್ದಾರೆ, ಮನೆಯ ಸಾಲ ತೀರಿದೆ, ಕೈಯಲ್ಲಿ ದುಡ್ಡಿದೆ.

ನೆನಪಿನ ಈ ಸಿದ್ಧಾಂತ ಒಂದು ಕಡೆ ಎಡವುತ್ತದೆ. ಬೆಂಗಳೂರು, ಮೈಸೂರಿನ ಹಳೆಗಾಡಿ ಕೂಟಗಳಲ್ಲಿ ಇಪ್ಪತ್ತೈದರ ಹುಡುಗ ಹುಡುಗಿಯರು ಧಾರಾಳ ಕಾಣುತ್ತಾರೆ. ಇವರು ಹುಟ್ಟುವ ಹೊತ್ತಿಗೆ ಪದ್ಮಿನಿಯ ಕಾಲವೇ ಮುಗಿಯುತ್ತ ಬಂದಿತ್ತು. ಇವರಿಗೆ ಯಾವ ಬಾಲ್ಯದ ಫಿಯೆಟ್ಟೂ ಇಲ್ಲ. ಆದರೂ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದಾರೆ. ಇವರನ್ನು ಸೆಳೆದದ್ದು ಯಂತ್ರವೇ.

ಆ ಯಂತ್ರದ ಒಳಗೆ ಏನಿತ್ತು, ಸ್ವಲ್ಪ ನಿಧಾನವಾಗಿ ನೋಡೋಣ. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸುವಷ್ಟು ಜಾಗ, ಕೆಳಗೆ ನೋಡಿದರೆ ನೆಲ ಕಾಣುತ್ತಿತ್ತು. ಪೆಟ್ರೋಲು ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಕೊಳವೆಯ ಗುಂಟ ಬೆರಳಿಟ್ಟು ತೋರಿಸಬಹುದಿತ್ತು. ಟ್ಯಾಂಕಿನಿಂದ ಪಂಪು, ಪಂಪಿನಿಂದ ಕಾರ್ಬ್ಯುರೇಟರು. ಕಾರ್ಬ್ಯುರೇಟರಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಜೆಟ್ ಎಂಬ ಸೂಜಿರಂಧ್ರದಿಂದ ಪೆಟ್ರೋಲು ಚಿಮ್ಮಿ ಗಾಳಿಯೊಂದಿಗೆ ಬೆರೆಯುತ್ತದೆ. ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದು. ಅದಕ್ಕೆ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ ಮಿಶ್ರಣ ಗಟ್ಟಿ ಮಾಡಬೇಕು. ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು ಎನ್ನುವುದು ಓಡಿಸುವವನ ಕಿವಿಗೆ ಬಿಟ್ಟದ್ದು. ಹೆಚ್ಚು ಎಳೆದರೆ ಎಂಜಿನ್ ‘ಫ್ಲಡ್’ ಆಗಿ ಕೂತುಬಿಡುತ್ತಿತ್ತು. ಆಗ ಎಲ್ಲರೂ ಇಳಿದು ಹತ್ತು ನಿಮಿಷ ಕಾಯುವುದು, ಇಲ್ಲವೇ ತಳ್ಳುವುದು.

ಕಿಡಿ ಹುಟ್ಟುವ ಬಗೆಯೂ ಕಣ್ಣಿಗೆ ಕಾಣುವಂಥದ್ದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಎರಡು ಪುಟ್ಟ ಪಾಯಿಂಟುಗಳು ಕೂಡುವುದು, ಬಿಡುವುದು. ಬಿಟ್ಟಾಗಲೆಲ್ಲ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟು ಚಿಮ್ಮಿ ಪ್ಲಗ್ಗಿನಲ್ಲಿ ಕಿಡಿ. ಪಾಯಿಂಟು ಸುಟ್ಟು ಕಪ್ಪಾದರೆ ಉಪ್ಪುಕಾಗದದಿಂದ ಉಜ್ಜುವುದು. ಅಂತರ ಎಷ್ಟಿರಬೇಕೆಂದು ಅಳೆಯಲು ಗೇಜು ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನ ದಪ್ಪವೇ ಅಳತೆ. ಏಪ್ರಿಲ್ ಬಿಸಿಲಲ್ಲಿ ಘಾಟಿ ಹತ್ತುವಾಗ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ. ರೇಡಿಯೇಟರ್ ಸೋರಿದರೆ ಅಡುಗೆಮನೆಯ ಅರಿಶಿನ ಪುಡಿ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಾರ್ ಸೋಪು ಒತ್ತಿ ಮುಂದಿನ ಊರು ತಲುಪುವುದು. ಇವು ಯಾವುವೂ ಕಟ್ಟುಕತೆಗಳಲ್ಲ, ದೂರದ ದಾರಿಯ ಡ್ರೈವರುಗಳು ದಿನನಿತ್ಯ ಮಾಡುತ್ತಿದ್ದ ಕೆಲಸಗಳು. ಕಾರು ಪದೇ ಪದೇ ಕೆಡುತ್ತಿತ್ತು, ನಿಜ. ಕೆಟ್ಟ ಕಾರಣ ಏನೆಂದು ಮಾಲೀಕನಿಗೂ ತಿಳಿಯುತ್ತಿತ್ತು.

2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲಿನಿಂದ ಸೀಸ ಹೋಯಿತು, ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಅದನ್ನು ನಡೆಸಲು ಕಂಪ್ಯೂಟರ್ ಬಂತು. ಗಾಳಿ ಶುದ್ಧವಾಗಲು ಇದು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಈಗ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಮೇಲೆ ಕಂಪನಿಯ ಲಾಂಛನ. ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಸರ್ವೀಸ್ ಸೆಂಟರಿನವರು ಸ್ಕ್ಯಾನರ್ ಚುಚ್ಚಿ ಹೇಳಿದ್ದೇ ರೋಗ, ಬರೆದದ್ದೇ ಬಿಲ್ಲು. ಇಪ್ಪತ್ತೈದರ ಹುಡುಗರು ಪದ್ಮಿನಿಯ ಮುಂದೆ ಮಂಡಿಯೂರಿ ಕೂರುವುದು ಇದಕ್ಕೇ ಎಂದು ನನಗೆ ಅನಿಸುತ್ತದೆ. ಮೊಬೈಲಿನಿಂದ ಹಿಡಿದು ವಾಷಿಂಗ್ ಮೆಷಿನ್‌ವರೆಗೆ ತಮ್ಮದೆಂದು ಕೊಂಡ ಯಾವುದನ್ನೂ ಬಿಚ್ಚಲಾಗದ ಲೋಕದಲ್ಲಿ ಬೆಳೆದವರು ಇವರು. ಸ್ಪ್ಯಾನರ್ ಹಿಡಿದರೆ ಮಾತಾಡುವ ಯಂತ್ರವೊಂದು ಅವರಿಗೆ ಸಿಕ್ಕಿದೆ.

ಈ ಲೋಕದ ನಿಜವಾದ ನಾಯಕರು ಮಾಲೀಕರಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಕಲಾಸಿಪಾಳ್ಯದ ಗ್ಯಾರೇಜುಗಳು, ಶಿವಾಜಿನಗರದ ಗುಜರಿ ಸಾಲು, ಒಂದೊಂದು ತಾಲ್ಲೂಕು ಕೇಂದ್ರದಲ್ಲೂ ಬಸ್ ಸ್ಟ್ಯಾಂಡಿನ ಹಿಂದೆ ಇರುವ ಟಿಂಕರಿಂಗ್ ಶೆಡ್ಡು ಇಲ್ಲದಿದ್ದರೆ ಈ ಕಾರುಗಳು ಎಂದೋ ಕರಗಿ ಕಂಬಿಯಾಗುತ್ತಿದ್ದವು. ಸಿಗದ ಭಾಗವನ್ನು ಲೇತ್‌ನಲ್ಲಿ ಕಡೆದುಕೊಟ್ಟವರು, ತುಕ್ಕು ತಿಂದ ತಗಡನ್ನು ಕಣ್ಣಳತೆಯಲ್ಲೇ ಬಡಿದು ಬಾಗಿಸಿದವರು, ಎಂಜಿನ್ನಿನ ಸದ್ದು ಕೇಳಿ ‘ಮೂರನೇ ಪ್ಲಗ್ ಹೊಡೀತಿಲ್ಲ’ ಎಂದವರು ಇವರು. ಪ್ರದರ್ಶನದಲ್ಲಿ ಬಹುಮಾನದ ಕಪ್ಪು ಮಾಲೀಕನ ಕೈಗೆ ಹೋಗುತ್ತದೆ. ಮೇಸ್ತ್ರಿಯ ಹೆಸರು ಫಲಕದಲ್ಲಿ ಇರುವುದಿಲ್ಲ. ಪಾಯಿಂಟು ಸೆಟ್ ಮಾಡಿ ಟ್ಯೂನಿಂಗ್ ಮಾಡುವ ಮೆಕ್ಯಾನಿಕ್‌ಗಳಿಗೆ ಈಗ ಅರವತ್ತು, ಎಪ್ಪತ್ತು ವಯಸ್ಸು. ಅವರ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ, ಹಿಡಿಯಲಿ. ಆ ಕೈಗಳ ತಿಳಿವಳಿಕೆ ಮಾತ್ರ ಯಾವ ಮ್ಯಾನ್ಯುಯಲ್ಲಿನಲ್ಲೂ ಪೂರ್ತಿ ಇಲ್ಲ. ಕಾರು ಸಂಗ್ರಹಿಸುವವರು ಒಂದು ಕಾರು ಕಡಿಮೆ ಕೊಂಡು ಆ ದುಡ್ಡಿನಲ್ಲಿ ಇಬ್ಬರು ಹುಡುಗರನ್ನು ಇಂಥ ಮೇಸ್ತ್ರಿಗಳ ಬಳಿ ಕೆಲಸಕ್ಕೆ ಹಚ್ಚಿದರೆ ಅದೇ ದೊಡ್ಡ ಸಂಗ್ರಹ.

ಹಳೆಯ ಕಾರಿನವರ ಮುಂದೆ ಹೇಳಿದರೆ ಮುಖ ಗಂಟಾಗುವ ಮಾತುಗಳೂ ಇವೆ. ಮೂವತ್ತು ವರ್ಷದ ಹಿಂದಿನ ಎಂಜಿನ್ನು ಹೊಗೆಯನ್ನು ಶುದ್ಧಗೊಳಿಸುವ ಯಾವ ವ್ಯವಸ್ಥೆಯೂ ಇಲ್ಲದೆ ಓಡುತ್ತದೆ. ಸೀಟ್ ಬೆಲ್ಟು ಇಲ್ಲ. ಇಲ್ಲಿ ಮುಂದಿನ ಸೀಟಿಗೆ ಅದು ಕಡ್ಡಾಯವಾದದ್ದೇ 1994ರಲ್ಲಿ. ಏರ್‌ಬ್ಯಾಗ್ ಮಾತಂತೂ ದೂರ. ದಪ್ಪ ತಗಡು ಕಾಪಾಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಈಗಿನ ಕಾರಿನ ಮುಂಭಾಗ ಗುದ್ದಿದಾಗ ತಾನೇ ನಜ್ಜುಗುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳುವಂತೆ ರೂಪಿಸಿದ್ದು. ಹಳೆಯ ದಪ್ಪ ತಗಡು ಆ ಪೆಟ್ಟನ್ನು ಒಳಗೆ ಕೂತವರಿಗೇ ದಾಟಿಸುತ್ತದೆ. ಇವುಗಳನ್ನು ದಿನಾ ಆಫೀಸಿಗೆ ಓಡಿಸಬೇಕೆನ್ನುವವರ ಜೊತೆ ನನ್ನ ಸಹಮತವಿಲ್ಲ. ಭಾನುವಾರದ ಕಾರು ಭಾನುವಾರಕ್ಕೇ ಇರಲಿ.

ಹೊಸ ತಲೆನೋವೂ ಒಂದಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಸಾಮಾನ್ಯವಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು, ಗ್ಯಾಸ್ಕೆಟ್ಟುಗಳನ್ನು ಮೆತ್ತಗಾಗಿಸುತ್ತದೆ. ವಾರಗಟ್ಟಲೆ ನಿಂತೇ ಇರುವ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ರಬ್ಬರ್ ಭಾಗಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಾಯಿಸುವುದು, ಟ್ಯಾಂಕು ತುಂಬಿಸಿಡುವುದು, ಹತ್ತು ಹದಿನೈದು ದಿನಕ್ಕೊಮ್ಮೆ ಓಡಿಸುವುದು ಸದ್ಯಕ್ಕಿರುವ ದಾರಿ.

ಓಡಿಸಲಾಗದ್ದನ್ನು ನೋಡಿಯಾದರೂ ಬರಬೇಕೆನ್ನುವವರಿಗೆ ನಮ್ಮಲ್ಲಿ ಎರಡು ಒಳ್ಳೆಯ ಜಾಗಗಳಿವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳು ಯಾತ್ರಿಕರಿಗೆ ಗೊತ್ತಿರುವಂಥದ್ದೇ. ಡಾ. ವೀರೇಂದ್ರ ಹೆಗ್ಗಡೆಯವರ ಅದೇ ಆಸಕ್ತಿಯಿಂದ ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ ಎಂಬ ಕಾರುಗಳ ವಸ್ತುಸಂಗ್ರಹಾಲಯ ತೆರೆಯಿತು. ಚೆನ್ನಾಗಿದೆ. ಆದರೂ ಪೆಟ್ರೋಲಿನ ವಾಸನೆ ಇಲ್ಲದ ಕಾರು, ಅದೆಷ್ಟೇ ಫಳಫಳ ಹೊಳೆದರೂ, ಅರ್ಧ ಕಾರೇ.

ಇನ್ನು ಕಾನೂನು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ರಾಜ್ಯದ ಹಸಿರು ತೆರಿಗೆ ಬೇರೆ. ಅತ್ತ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಗಿರಬಾರದು, ಬಾಡಿಗೆಗೆ ಓಡುತ್ತಿರಬಾರದು. 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರಗಳ ನಂಬರು, ಹತ್ತು ವರ್ಷದ ಮಾನ್ಯತೆ. ಆಮೇಲಿನ ನವೀಕರಣಕ್ಕೆ 5,000. ‘ಎಂವೈ’ ಇಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು, ಇದು ಖುಷಿಯ ಸಂಗತಿ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇವುಗಳಿಗಲ್ಲದೆ ಸುಮ್ಮನೆ ರಸ್ತೆಗಿಳಿಸುವಂತಿಲ್ಲ. ಇದಕ್ಕೂ ನನ್ನ ತಕರಾರಿಲ್ಲ.

ತಕರಾರು 50 ವರ್ಷದ ಗೆರೆಯ ಬಗ್ಗೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಐತಿಹಾಸಿಕ ಎಂದು ಒಪ್ಪುವುದು 30 ವರ್ಷ ದಾಟಿದ ವಾಹನವನ್ನು. ಜರ್ಮನಿಯಲ್ಲೂ 30 ವರ್ಷಕ್ಕೆ ವಿಶೇಷ ನಂಬರ್ ಪ್ಲೇಟ್ ಸಿಗುತ್ತದೆ, ಬ್ರಿಟನ್ನಿನಲ್ಲಿ 40 ವರ್ಷಕ್ಕೆ ರಸ್ತೆ ತೆರಿಗೆಯ ವಿನಾಯಿತಿ. ನಮ್ಮಲ್ಲಿ 15ರಿಂದ 50ರವರೆಗಿನ ಮೂವತ್ತೈದು ವರ್ಷ ಕಾರಿಗೆ ಯಾವ ಗೌರವವೂ ಇಲ್ಲ, ಸರ್ಕಾರದ ಕಣ್ಣಿಗೆ ಅದು ಗುಜರಿಯ ಸರಕು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ರಸ್ತೆಯನ್ನೇ ಮುಚ್ಚಿದ ಆದೇಶ ಬಂದಾಗ ಒಳ್ಳೆಯ ಸ್ಥಿತಿಯಲ್ಲಿದ್ದ ಅನೇಕ ಕಾರುಗಳು ಬೇರೆ ರಾಜ್ಯಗಳಿಗೆ ಮಾರಾಟವಾದವು, ಉಳಿದವು ಗುಜರಿ ಸೇರಿದವು. ದೇಶದ ಮಧ್ಯಮ ವರ್ಗವನ್ನು ಮೊದಲ ಬಾರಿ ಕಾರಿನಲ್ಲಿ ಕೂರಿಸಿದ ಮಾರುತಿಯ ಮೊದಲ ಸರಣಿಗೆ ವಿಂಟೇಜ್ ಮಾನ್ಯತೆ ಸಿಗುವುದು 2033ರ ಡಿಸೆಂಬರಿನ ನಂತರ. ಅಷ್ಟರಲ್ಲಿ ಎಷ್ಟು ಉಳಿದಿರುತ್ತವೆ? ಗೆರೆಯನ್ನು 30ಕ್ಕೆ ಇಳಿಸಿ, ವರ್ಷಕ್ಕೆ ಇಂತಿಷ್ಟೇ ಕಿಲೊಮೀಟರ್ ಓಡಿಸಬೇಕೆಂಬ ಮಿತಿ ಹಾಕಿದರೆ ಹೊಗೆಯ ಚಿಂತೆಯೂ ಕಡಿಮೆ, ಕಾರುಗಳೂ ಉಳಿದಾವು.

ಕಾನೂನು ಬದಲಾಗುವವರೆಗೆ ನಿಮ್ಮ ಕೈಯಲ್ಲಿರುವ ಕೆಲಸ ಇಷ್ಟು. ಊರಿನ ಮನೆಯ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದ ಫಿಯೆಟ್ಟೋ 800ಓ ಇದ್ದರೆ ಗುಜರಿಯವರಿಗೆ ಫೋನ್ ಮಾಡುವ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿನ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಕಾರು ತೀರಿಕೊಂಡ ತಂದೆಯ, ತಾತನ ಹೆಸರಿನಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಕಾಗದ ಪತ್ರ ಸರಿಯಿದ್ದರೆ ತುಕ್ಕು ಹಿಡಿದ ಕಾರನ್ನೂ ಮತ್ತೆ ಓಡಿಸಬಹುದು. ಕಾಗದ ಕಳೆದುಹೋದರೆ ಎಷ್ಟು ಒಳ್ಳೆಯ ಮೇಸ್ತ್ರಿ ಸಿಕ್ಕರೂ ರಸ್ತೆಗಿಳಿಸುವುದು ಕಷ್ಟ.